ಹೋಟೆಲ್ ಕೌಂಟರ್‌ನ ಇಂಗ್ಲಿಷ್ ಕಲಿತದ್ದು: ನನ್ನ ಅನುಭವ

ಕಳೆದ ಸಲ ಚೆಕ್ ಇನ್ ಮುಗಿಯಲು ಹಿಡಿದದ್ದು ನಾಲ್ಕು ನಿಮಿಷ. ಫೋನು ಜೇಬಿನಿಂದ ಹೊರಗೆ ಬರಲಿಲ್ಲ. ಜೊತೆಗಿದ್ದವರ ಮುಖ ನೋಡಬೇಕಾಗಲಿಲ್ಲ. ಕೌಂಟರ್‌ನಲ್ಲಿದ್ದ ಹುಡುಗಿ ಹನ್ನೊಂದು ಪ್ರಶ್ನೆ ಕೇಳಿದಳು, ಹನ್ನೊಂದಕ್ಕೂ ಉತ್ತರ ಕೊಟ್ಟೆ. ನಡುವೆ ಅವಳು ಮೂರು ರಾತ್ರಿಯನ್ನು ನಾಲ್ಕು ಅಂದಳು, ಅದನ್ನೂ ಹೇಳಿ ಸರಿ ಮಾಡಿಸಿದೆ. ಎರಡು ವರ್ಷದ ಹಿಂದೆ ಇದೇ ಕೆಲಸಕ್ಕೆ ಮುಕ್ಕಾಲು ಗಂಟೆ ಆಗಿತ್ತು.

ಕೌಂಟರ್‌ನಲ್ಲಿ ಕೇಳುವ ಪ್ರಶ್ನೆಗಳನ್ನಷ್ಟೇ ಕಲಿಯುವ ನನ್ನ ದಾರಿ ಸರಿಯಿಲ್ಲ ಅಂತ ಹೇಳಿದವರು ಬಹಳ. 'ಗ್ರಾಮರ್ ಬಿಟ್ಟು ಯಾವ ಇಂಗ್ಲಿಷು ಬರುತ್ತಪ್ಪಾ' ಅಂದರು ಭಾವ. 'ಒಂದು ಕೌಂಟರ್‌ಗೋಸ್ಕರ ಯಾರಾದ್ರೂ ಭಾಷೆ ಕಲೀತಾರಾ?' ಅಂದ ಜೊತೆಯಲ್ಲಿ ಕೆಲಸ ಮಾಡುವವನು. ಕಲಿಯಬಹುದು, ನಾನು ಕಲಿತೆ. ನನ್ನ ಹಾಗೆ ಕೆಲಸದ ಮೇಲೆ ಊರೂರು ತಿರುಗುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ. ಇಂಗ್ಲಿಷ್ ಓದಲು ಬರುತ್ತದೆ, ಬುಕಿಂಗ್ ಮಾಡಲು ಬರುತ್ತದೆ, ಎದುರಿಗೆ ಯಾರಾದರೂ ಮಾತಾಡಿದರೆ ಮಾತ್ರ ಕಿವಿ ಮುಚ್ಚಿದ ಹಾಗೆ ಆಗುತ್ತದೆ ಅನ್ನುವವರಿಗೆ ಇದು.

ಮೊದಲು ದುಡ್ಡು ಹೋದ ಕಥೆ. ಎರಡು ಸ್ಪೋಕನ್ ಇಂಗ್ಲಿಷ್ ಕೋರ್ಸಿಗೆ ಸೇರಿದ್ದೆ. ಒಂದನ್ನು ಆರನೇ ವಾರಕ್ಕೆ ಬಿಟ್ಟೆ, ಇನ್ನೊಂದನ್ನು ಪೂರ್ತಿ ಮುಗಿಸಿದೆ. ಎರಡೂ ಸೇರಿ ಸುಮಾರು ಒಂದು ತಿಂಗಳ ಸಂಬಳ ಹೋಯಿತು. ಎರಡರಲ್ಲೂ ಹೋಟೆಲಿನ ಪಾಠ ಇತ್ತು. 'ಗುಡ್ ಈವನಿಂಗ್, ಐ ವುಡ್ ಲೈಕ್ ಎ ರೂಮ್ ಫಾರ್ ಟೂ ನೈಟ್ಸ್' ಅಂತ ಶುರುವಾಗುತ್ತಿತ್ತು. ಅದನ್ನು ಎಷ್ಟು ಸಲ ಬಾಯಿಪಾಠ ಮಾಡಿದೆನೋ. ಆದರೆ ನಾವು ಯಾರೂ ಕೌಂಟರ್‌ಗೆ ಹೋಗಿ ರೂಮು ಕೇಳುವುದಿಲ್ಲ, ಮೊದಲೇ ಬುಕ್ ಆಗಿರುತ್ತದೆ. ಅಲ್ಲಿ ಮಾತು ನಡೆಸುವವರು ಕೌಂಟರ್‌ನವರು. ನಾನು ನನ್ನ ಸಾಲು ಕಲಿತಿದ್ದೆ, ಅವರ ಸಾಲನ್ನು ಯಾರೂ ಕಲಿಸಿರಲಿಲ್ಲ.

ದೊಡ್ಡ ಪೆಟ್ಟು ಬಿದ್ದದ್ದು 'ಹೋಲ್ಡ್' ಅನ್ನುವ ಪದದಿಂದ. 'ದೇರ್ ವಿಲ್ ಬಿ ಎ ಹೋಲ್ಡ್ ಫಾರ್ ಇನ್ಸಿಡೆಂಟಲ್ಸ್, ಈಸ್ ದಟ್ ಓಕೆ?' ಅಂತ ಕೇಳಿದರು. ಹೋಲ್ಡ್ ಅಂದರೆ ಕಾಯಿರಿ ಅಂತ ನಾನು ತಿಳಿದದ್ದು, ಫೋನಿನಲ್ಲಿ ಹೇಳುತ್ತಾರಲ್ಲ ಹಾಗೆ. 'ಓಕೆ' ಅಂದು ಡೆಬಿಟ್ ಕಾರ್ಡ್ ಕೊಟ್ಟೆ. ಅವರು ಹೇಳಿದ್ದು ಬೇರೆ. ಮಿನಿಬಾರ್ (ರೂಮಿನ ಪುಟ್ಟ ಫ್ರಿಜ್ಜಿನಲ್ಲಿಟ್ಟ ತಿನಿಸು, ಪಾನೀಯ), ಲಾಂಡ್ರಿ ಮುಂತಾದ ಮೇಲಿನ ಖರ್ಚಿಗೆ ಅಂತ ಕಾರ್ಡಿನಲ್ಲಿ ಒಂದು ಮೊತ್ತವನ್ನು ಮುಂಗಡವಾಗಿ ತಡೆಹಿಡಿಯುತ್ತಾರೆ. ಅಲ್ಲಿ ದಿನದ ಲೆಕ್ಕದಲ್ಲಿ ಹಿಡಿದಿದ್ದರು. ಐದು ರಾತ್ರಿಯದು ಸೇರಿ ನನ್ನ ಖಾತೆ ಹೆಚ್ಚುಕಡಿಮೆ ಬರಿದಾಯಿತು. ಕ್ರೆಡಿಟ್ ಕಾರ್ಡ್ ಆಗಿದ್ದರೆ ಮಿತಿ ಮಾತ್ರ ಕಡಿಮೆಯಾಗುತ್ತಿತ್ತು. ಡೆಬಿಟ್ ಆದ್ದರಿಂದ ಕೈಯಲ್ಲಿದ್ದ ದುಡ್ಡೇ ಸಿಕ್ಕಿಹಾಕಿಕೊಂಡಿತು. ವಾಪಸ್ ಖಾತೆಗೆ ಬರಲು ಚೆಕ್ ಔಟ್ ಆದ ಮೇಲೆ ಎಂಟೋ ಒಂಬತ್ತೋ ದಿನ ಆಯಿತು. ಅಲ್ಲಿವರೆಗೆ ಸಾಲ ಮಾಡಿ ಓಡಾಡಿದೆ.

ಎರಡನೇ ಪೆಟ್ಟು ತಿಂಡಿಯದು. 'ಯು ಡೋಂಟ್ ನೀಡ್ ಬ್ರೇಕ್‌ಫಾಸ್ಟ್?' ಅಂದರು. ಕನ್ನಡದಲ್ಲಿ ಯೋಚಿಸಿ ನೋಡಿ. 'ತಿಂಡಿ ಬೇಡ್ವಾ?' ಅಂತ ಕೇಳಿದರೆ 'ಹ್ಞೂಂ, ಬೇಡ' ಅಂತೀವಿ. ಕೇಳಿದವರ ಮಾತು ಸರಿ ಅನ್ನುವುದಕ್ಕೆ ನಮ್ಮ 'ಹ್ಞೂಂ'. ಇಂಗ್ಲಿಷಿನ 'ಯೆಸ್' ಹಾಗಲ್ಲ. ಪ್ರಶ್ನೆ ಯಾವ ಕಡೆಯಿಂದ ಬಂದರೂ 'ಯೆಸ್' ಅಂದರೆ ಬೇಕು, 'ನೋ' ಅಂದರೆ ಬೇಡ. ನಾನು ನಮ್ಮ ರೂಢಿಯಂತೆ 'ಯೆಸ್ ಯೆಸ್' ಅಂದೆ. ನಾಲ್ಕು ದಿನದ ತಿಂಡಿ ಬಿಲ್ಲಿಗೆ ಸೇರಿತು. ಒಂದು ದಿನವೂ ತಿನ್ನಲಿಲ್ಲ, ಬೆಳಿಗ್ಗೆ ಐದೂವರೆಗೇ ಕೆಲಸಕ್ಕೆ ಹೊರಡುತ್ತಿದ್ದೆ. 'ವುಡ್ ಯು ಮೈಂಡ್ ಎ ರೂಮ್ ನಿಯರ್ ದ ಎಲಿವೇಟರ್?' ಅನ್ನುವುದು ಇದರ ಅಣ್ಣ. ಲಿಫ್ಟಿನ ಹತ್ತಿರದ ರೂಮು ಕೊಟ್ಟರೆ ತೊಂದರೆಯಾ ಅಂತ ಅದರ ಅರ್ಥ. ಪರವಾಗಿಲ್ಲ ಅನ್ನುವ ಅರ್ಥದಲ್ಲಿ 'ಯೆಸ್' ಅಂದೆ. ಅವರಿಗೆ ಅದು 'ತೊಂದರೆ ಇದೆ' ಅಂತ ಕೇಳಿಸಿತು. ಹತ್ತು ನಿಮಿಷ ಬೇರೆ ರೂಮು ಹುಡುಕಿದರು, ನನ್ನ ಹಿಂದೆ ಸಾಲು ಬೆಳೆಯಿತು.

ಇದಕ್ಕೆ ನಾನು ಕಂಡುಕೊಂಡ ಮದ್ದು ಸುಲಭ. ಕೌಂಟರ್‌ನಲ್ಲಿ 'ಯೆಸ್', 'ನೋ' ಎರಡನ್ನೂ ಬಿಟ್ಟುಬಿಟ್ಟೆ. ಪದದ ಬದಲು ವಿಷಯ ಹೇಳುತ್ತೇನೆ. 'ರೂಮ್ ಓನ್ಲಿ, ಪ್ಲೀಸ್.' 'ದಟ್ಸ್ ಫೈನ್.' 'ಐ ಪ್ರಿಫರ್ ಎ ಕ್ವಯಟ್ ರೂಮ್.' ಇದರಲ್ಲಿ ತಲೆಕೆಳಗಾಗುವುದಕ್ಕೆ ಏನೂ ಇಲ್ಲ. ಎರಡು ಕೋರ್ಸಿನ ಫೀಸಿಗಿಂತ ಇದೊಂದರಿಂದ ನನಗೆ ಜಾಸ್ತಿ ಉಪಯೋಗ ಆಗಿದೆ.

ಈಗ ನಿಜವಾದ ಕೆಲಸಕ್ಕೆ ಬರುತ್ತೇನೆ. ತಿಂಡಿಯ ಬಿಲ್ಲು ಕಟ್ಟಿದ ದಿನ ರಾತ್ರಿ ರೂಮಿನಲ್ಲಿ ಕೂತು ಒಂದು ನೋಟ್‌ಬುಕ್ ಶುರು ಮಾಡಿದೆ. ಅಂದು ಕೌಂಟರ್‌ನಲ್ಲಿ ಅವರು ಕೇಳಿದ್ದನ್ನೆಲ್ಲ ನೆನಪಿದ್ದ ಹಾಗೆ ಕನ್ನಡ ಅಕ್ಷರದಲ್ಲೇ ಬರೆದೆ. ಕಾಗುಣಿತದ ತಲೆನೋವು ಬೇಡ, ಕಿವಿಗೆ ಬಿದ್ದ ಹಾಗೆ ಸಾಕು ಅಂತ. ಆಮೇಲೆ ಪ್ರತಿ ಚೆಕ್ ಇನ್ ಆದ ಮೇಲೂ ಬರೆದೆ. ಹತ್ತು ಹನ್ನೆರಡು ಹೋಟೆಲು ಆಗುವಷ್ಟರಲ್ಲಿ ಇಪ್ಪತ್ತಮೂರು ಪ್ರಶ್ನೆ ಸೇರಿದ್ದವು. ಕೂತು ನೋಡಿದರೆ ಅರ್ಧಕ್ಕರ್ಧ ಒಂದೇ ಪ್ರಶ್ನೆಯ ಬೇರೆ ಬೇರೆ ಅಂಗಿ. 'ಲಾಸ್ಟ್ ನೇಮ್?', 'ಸರ್‌ನೇಮ್?', 'ಫ್ಯಾಮಿಲಿ ನೇಮ್?', 'ಅಂಡರ್ ವಾಟ್ ನೇಮ್?' ನಾಲ್ಕೂ ಒಂದೇ. ಹೀಗೆ ಜರಡಿ ಹಿಡಿದ ಮೇಲೆ ಉಳಿದದ್ದು ಹದಿನಾಲ್ಕು.

ಅವು ಬರುವ ಕ್ರಮವೂ ಹೆಚ್ಚುಕಡಿಮೆ ಒಂದೇ. ಹೆಸರು, ಪಾಸ್‌ಪೋರ್ಟ್, ಎಷ್ಟು ರಾತ್ರಿ, ಹಾಸಿಗೆ, ಕಾರ್ಡು, ಡೆಪಾಸಿಟ್ಟು, ಸಹಿ, ತಿಂಡಿಯ ಹೊತ್ತು, ವೈಫೈ, ಲಿಫ್ಟು, ಲಗೇಜು. ಮುಂದೆ ಏನು ಬರುತ್ತದೆ ಅಂತ ಗೊತ್ತಿದ್ದರೆ ಅರ್ಧ ಕೇಳಿಸಿದರೂ ಸಾಕು. ಪಾಸ್‌ಪೋರ್ಟ್ ಕೊಟ್ಟಾಗಿದೆ, ಅವರ ಕಣ್ಣು ಸ್ಕ್ರೀನಿನ ಮೇಲಿದೆ ಅಂದರೆ ಮುಂದಿನದು ರಾತ್ರಿಗಳ ಲೆಕ್ಕ ಅಥವಾ ಹಾಸಿಗೆ. 'ಟ್ವಿನ್ ಆರ್ ಡಬಲ್?' ಅನ್ನುವುದನ್ನು ಮಾತ್ರ ಸರಿಯಾಗಿ ತಿಳಿದುಕೊಳ್ಳಿ. ಟ್ವಿನ್ ಅಂದರೆ ಎರಡು ಬೇರೆ ಮಂಚ, ಡಬಲ್ ಅಂದರೆ ಇಬ್ಬರಿಗೆ ಒಂದೇ ಮಂಚ. ಜೊತೆ ಕೆಲಸದವನ ಸಂಗಡ ಹೋದಾಗ ನಾನು ಡಬಲ್ ಅಂದಿದ್ದೆ, ಎರಡು ಜನ ಅಲ್ವಾ ಅಂತ.

ಕಲಿತದ್ದು ಹೀಗೆ. ದಿನಕ್ಕೆ ಇಪ್ಪತ್ತು ನಿಮಿಷ, ಸುಮಾರು ಆರು ವಾರ. ನಾನು ಗಿರಾಕಿ ಆಗಲಿಲ್ಲ, ಕೌಂಟರ್‌ನವನಾದೆ. ಮೇಜಿನ ಆ ಕಡೆ ಕೂತು ಹದಿನಾಲ್ಕೂ ಪ್ರಶ್ನೆಯನ್ನು ನಾನೇ ಜೋರಾಗಿ ಕೇಳಿದೆ. ಮಗಳು ಗಿರಾಕಿಯಾಗಿ ಅವಳಿಗೆ ತೋಚಿದ ಉತ್ತರ ಕೊಡುತ್ತಿದ್ದಳು. ನಮ್ಮ ಬಾಯಲ್ಲಿ ಸಲೀಸಾಗಿ ಹೊರಳಿದ ಸಾಲನ್ನು ಬೇರೆಯವರು ಎಷ್ಟು ಬೇಗ ಹೇಳಿದರೂ ಕಿವಿ ಹಿಡಿಯುತ್ತದೆ. ನನಗೆ ಇದು ಮೂರನೇ ವಾರದಲ್ಲಿ ಗೊತ್ತಾಯಿತು. ಆಮೇಲೆ ನನ್ನ ದನಿಯಲ್ಲೇ ರೆಕಾರ್ಡ್ ಮಾಡಿ, ಒಂದೂಕಾಲು ಪಟ್ಟು ವೇಗದಲ್ಲಿ, ಪಕ್ಕದಲ್ಲಿ ಟಿವಿ ಹಾಕಿಕೊಂಡು ಕೇಳಿದೆ. ಲಾಬಿಯಲ್ಲಿ ಸದ್ದು ಇದ್ದೇ ಇರುತ್ತದೆ. ನಿಶ್ಶಬ್ದದಲ್ಲಿ ಕಲಿತದ್ದು ಅಲ್ಲಿ ಕೈ ಕೊಡುತ್ತದೆ. ಯಾವ ಕ್ರಮದಲ್ಲಿ ಕಲಸಿ ಕೇಳುತ್ತಿದ್ದೆ ಅನ್ನುವುದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಅದನ್ನು ಹಿಡಿಯಲು ಬಹಳ ದಿನ ಬೇಕಾಯಿತು.

ಕೇಳಿಸದಿದ್ದರೆ ಏನು ಮಾಡಬೇಕು? 'ಪ್ಲೀಸ್ ರಿಪೀಟ್' ಅನ್ನಬೇಡಿ. ಅದೇ ಸಾಲನ್ನು ಅದೇ ವೇಗದಲ್ಲಿ ಇನ್ನೊಂದು ಸಲ ಹೇಳುತ್ತಾರೆ, ಅಷ್ಟೇ. ಕೇಳಿಸದ ತುಂಡನ್ನು ಮಾತ್ರ ಕೇಳಿ. 'ಸಾರಿ, ದ ಡೆಪಾಸಿಟ್ ಈಸ್ ಹೌ ಮಚ್?' ಅಂದರೆ ಒಂದು ಸಂಖ್ಯೆ ಮಾತ್ರ ಉತ್ತರವಾಗಿ ಬರುತ್ತದೆ. ಆ ಸಂಖ್ಯೆಯನ್ನು ನೀವು ತಿರುಗಿ ಹೇಳಿ. ಫಿಫ್ಟೀನ್ ಮತ್ತು ಫಿಫ್ಟಿಯಲ್ಲಿ ನಾನು ಎರಡು ಸಲ ಮೋಸ ಹೋಗಿದ್ದೇನೆ. ಕಿವಿಯನ್ನು ಪದದ ಬಾಲಕ್ಕೆ ಇಡಿ. ಟೀನ್ ಆದರೆ ಬಾಲ ಒತ್ತಿ ಎಳೆಯುತ್ತಾರೆ, ಟಿ ಆದರೆ ತಲೆಯನ್ನು ಒತ್ತಿ ಬಾಲವನ್ನು ಕತ್ತರಿಸುತ್ತಾರೆ. ಆದರೂ ಅನುಮಾನ ಇದ್ದರೆ 'ಫೈವ್ ಝೀರೋ?' ಅಂತ ಕೇಳಿಬಿಡಿ.

ರೂಮ್ ನಂಬರ್ ವಿಷಯ. ಅದನ್ನು ಜೋರಾಗಿ ಹೇಳುತ್ತಾರೆ ಅಂತ ನಾನು ಕಿವಿ ನಿಗುರಿಸಿಕೊಂಡು ನಿಂತಿರುತ್ತಿದ್ದೆ. ಒಳ್ಳೆಯ ಹೋಟೆಲಿನಲ್ಲಿ ಹೇಳುವುದೇ ಇಲ್ಲ, ಅಕ್ಕಪಕ್ಕದವರಿಗೆ ಕೇಳಿಸಬಾರದು ಅಂತ. ಕೀ ಕಾರ್ಡಿನ ಕಾಗದದ ಮೇಲೆ ಬರೆದು ಪೆನ್ನಿನ ತುದಿಯಿಂದ ತೋರಿಸುತ್ತಾರೆ. ಆಗ ಕಿವಿಯ ಕೆಲಸ ಇಲ್ಲ, ಪೆನ್ನು ನೋಡಿ. ಮಹಡಿ ಮಾತ್ರ ಬಾಯಲ್ಲಿ ಬರುತ್ತದೆ. ಅಮೆರಿಕದಲ್ಲಿ 'ಫಸ್ಟ್ ಫ್ಲೋರ್' ಅಂದರೆ ನೆಲಮಟ್ಟ, ಬ್ರಿಟನ್ನಿನಲ್ಲಿ ಅದರ ಮೇಲಿನದು. ತಾರೀಕಿನಲ್ಲೂ ಇದೇ ಗೋಳು. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ, 4/5 ಅಂದರೆ ಏಪ್ರಿಲ್ 5. ಅದಕ್ಕೇ ನಾನು ಫಾರಂ ತುಂಬುವಾಗ ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯುತ್ತೇನೆ.

ತಾರೀಕು ಅಂದಾಗ ನೆನಪಾಯಿತು. ರಾತ್ರಿ ಒಂದು ಗಂಟೆಗೆ ಇಳಿಯುವ ವಿಮಾನಕ್ಕೆ ಇಳಿಯುವ ದಿನದ ತಾರೀಕಿಗೇ ಬುಕ್ ಮಾಡಿದ್ದೆ. 'ಯುವರ್ ಬುಕಿಂಗ್ ಈಸ್ ಫಾರ್ ಟುನೈಟ್' ಅಂದರು. ಇವತ್ತೇ ಅಲ್ವಾ ಅಂತ ನಾನು, ಮಧ್ಯಾಹ್ನ ಮೂರಕ್ಕೆ ಬನ್ನಿ ಅಂತ ಅವರು. ಮಧ್ಯರಾತ್ರಿ ದಾಟಿದ್ದರೂ ಹೋಟೆಲಿಗೆ ಅದು ಹಿಂದಿನ ತಾರೀಕಿನ ರಾತ್ರಿಯ ಲೆಕ್ಕ. ಬೆಳಗಾಗುವವರೆಗೆ ಮಲಗಲು ಇನ್ನೊಂದು ರಾತ್ರಿಯ ಬಾಡಿಗೆ ಕಟ್ಟಿದೆ. ಈಗ ಹಿಂದಿನ ತಾರೀಕಿಗೇ ಬುಕ್ ಮಾಡಿ, ಹೋಗುವ ಮುಂಚೆ ಫೋನ್ ಮಾಡಿ ಹೇಳುತ್ತೇನೆ: 'ಐ ವಿಲ್ ಅರೈವ್ ಆಫ್ಟರ್ ಮಿಡ್‌ನೈಟ್. ಪ್ಲೀಸ್ ಕೀಪ್ ಮೈ ರೂಮ್.' ಹೇಳದಿದ್ದರೆ ಬರಲಿಲ್ಲ ಅಂತ ಬರೆದುಕೊಂಡು ರೂಮನ್ನು ಬೇರೆಯವರಿಗೆ ಕೊಟ್ಟುಬಿಡಬಹುದು.

ಈ ಫೋನ್ ಕರೆಯಿಂದಲೇ ಒಂದು ಪ್ರಯೋಗ ಹುಟ್ಟಿತು. ಬುಕ್ ಮಾಡಿದ ಹೋಟೆಲಿಗೆ ಒಂದೊಂದು ಪ್ರಶ್ನೆ ಇಟ್ಟುಕೊಂಡು ಎರಡು ಮೂರು ಸಲ ಫೋನ್ ಮಾಡುತ್ತಿದ್ದೆ. ಬೇಗ ಬಂದರೆ ರೂಮು ಸಿಗುತ್ತಾ, ಲಗೇಜ್ ಇಡಬಹುದಾ ಅಂತ. ಮುಖ ಕಾಣದೆ ಕೇಳುವುದು ಕಷ್ಟ, ಅದಕ್ಕೇ ಅದು ಒಳ್ಳೆಯ ವ್ಯಾಯಾಮ. ಫೋನಿನಲ್ಲಿ ಹೆಸರು ಹೇಳುವುದು ಇನ್ನೂ ಕಷ್ಟ. ನಮ್ಮ 'ವ' ಒಂದೇ, ಅವರಿಗೆ ವಿ ಬೇರೆ, ಡಬ್ಲ್ಯು ಬೇರೆ. ಬಿ, ವಿ, ಡಿ, ಪಿ ಎಲ್ಲವೂ ಒಂದೇ ಥರ ಕೇಳಿಸುತ್ತವೆ. ವಿಮಾನದವರು 1956ರಿಂದ ಬಳಸುತ್ತಿರುವ ಆಲ್ಫಾ, ಬ್ರಾವೋ, ಚಾರ್ಲಿ ಪಟ್ಟಿಯನ್ನು, ಅಂದರೆ ಎ, ಬಿ, ಸಿ ಒಂದೊಂದು ಅಕ್ಷರಕ್ಕೂ ಒಂದೊಂದು ಪದ ಇರುವುದನ್ನು, ಪೂರ್ತಿ ಕಲಿತೆ. ಇಪ್ಪತ್ತಾರೂ ಬೇಕಿರಲಿಲ್ಲ, ನಿಮ್ಮ ಹೆಸರಿನ ಅಕ್ಷರಗಳಿಗೆ ಸಾಕು. 'ವಿ ಫಾರ್ ವಿಕ್ಟರ್' ಅಂದ ಮೇಲೆ ನನ್ನ ಹೆಸರು ಒಮ್ಮೆಯೂ ತಪ್ಪಿಲ್ಲ.

ಚೆಕ್ ಇನ್ ಯಂತ್ರವನ್ನೂ ಪ್ರಯತ್ನಿಸಿದೆ, ಮಾತೇ ಬೇಡ ಅಂತ. ನಾಲ್ಕರಲ್ಲಿ ಎರಡು ಸಲ ಕೊನೆಗೆ 'ಪ್ಲೀಸ್ ಸೀ ದ ಫ್ರಂಟ್ ಡೆಸ್ಕ್' ಅಂತ ತೋರಿಸಿತು. ಅನುವಾದದ ಆಪ್‌ಗೆ ಲಾಬಿಯ ಸದ್ದಿನಲ್ಲಿ ಪಕ್ಕದವರ ಮಾತೂ ಸೇರಿ ಕೇಳಿಸುತ್ತಿತ್ತು. ಎರಡನ್ನೂ ಬಿಟ್ಟೆ.

ಇಲ್ಲಿಯವರೆಗೆ ನಲವತ್ತರ ಹತ್ತಿರ ಚೆಕ್ ಇನ್ ಆಗಿವೆ, ಕೊನೆಯ ಹದಿನೈದರಲ್ಲಿ ದುಡ್ಡಿನ ತಪ್ಪು ಒಂದೂ ಇಲ್ಲ. ಮೂರು ಸಲ ಅದೇ ಬಾಡಿಗೆಗೆ ದೊಡ್ಡ ರೂಮೂ ಸಿಕ್ಕಿದೆ. ಅದಕ್ಕೆ ನಾನು ಕೇಳುವ ಸಾಲೊಂದಿದೆ, ಎಲ್ಲರೂ ಕೇಳಲು ಶುರು ಮಾಡಿದರೆ ನಡೆಯುವುದಿಲ್ಲ, ಹಾಗಾಗಿ ಇಲ್ಲಿ ಬರೆಯುವುದಿಲ್ಲ. ಭಾವ ಹೋದ ತಿಂಗಳು ನೋಟ್‌ಬುಕ್ ತೆಗೆದುಕೊಂಡು ಹೋದರು, ಇನ್ನೂ ವಾಪಸ್ ಕೊಟ್ಟಿಲ್ಲ.

ಹೊಸ ನೋಟ್‌ಬುಕ್ಕಿನಲ್ಲಿ ಚೆಕ್ ಔಟ್ ಶುರು ಮಾಡಿದ್ದೇನೆ. ಒಂಬತ್ತು ಪ್ರಶ್ನೆ ಸಿಕ್ಕಿವೆ. ಮಿನಿಬಾರಿನದನ್ನೇ ಅವರು ಮೂರು ಥರ ಕೇಳುತ್ತಾರೆ, ಅದರಲ್ಲೊಂದು 'ಯು ಡಿಡಂಟ್ ಹ್ಯಾವ್ ಎನಿಥಿಂಗ್ ಫ್ರಮ್ ದ ಮಿನಿಬಾರ್?' ಅಂತ. ಅದರ ಎದುರಿಗೆ ಕೆಂಪು ಪೆನ್ನಿನಲ್ಲಿ ಬರೆದಿಟ್ಟಿದ್ದೇನೆ: 'ನಥಿಂಗ್ ಫ್ರಮ್ ದ ಮಿನಿಬಾರ್.'