ಕಿಟ್ ವಿಮಾನ: ನಾನು ಬಾಲದಿಂದ ಶುರು ಮಾಡಿದ್ದು

ಮನೆಯಲ್ಲೇ ವಿಮಾನ ಕಟ್ಟಬೇಕು ಅಂತ ಯಾರಾದರೂ ಹೇಳಿದರೆ ನಾನು ಹೇಳುವುದು ಒಂದೇ ಮಾತು. ಪೂರ್ತಿ ಕಿಟ್ (ನಾವೇ ಜೋಡಿಸಬೇಕಾದ ಬಿಡಿಭಾಗಗಳ ಪೆಟ್ಟಿಗೆ) ಬೇಡ, ಬಾಲದ ಕಿಟ್ ಮಾತ್ರ ತರಿಸಿ. ಕಂಪನಿಗಳು ಸಾಮಾನ್ಯವಾಗಿ ಭಾಗ ಭಾಗವಾಗಿಯೂ ಮಾರುತ್ತವೆ: ಬಾಲ, ರೆಕ್ಕೆ, ಒಡಲು, ಆಮೇಲೆ ಮೇಲಿನ ಗಾಜು, ಚಕ್ರ ಇತ್ಯಾದಿ. ಎಂಜಿನ್, ಪ್ರೊಪೆಲ್ಲರ್, ಮೀಟರುಗಳ ಲೆಕ್ಕವೇ ಬೇರೆ. ಬಾಲ ಇವೆಲ್ಲಕ್ಕಿಂತ ಅಗ್ಗ, ಮೇಜಿನ ಮೇಲೇ ಆಗುವ ಕೆಲಸ. ಆದರೂ ಮುಂದೆ ರೆಕ್ಕೆಗೆ ಬೇಕಾಗುವ ಕೈಕೆಲಸ ಹೆಚ್ಚುಕಮ್ಮಿ ಎಲ್ಲವೂ ಅದರಲ್ಲೇ ಬಂದುಬಿಡುತ್ತದೆ. ಈ ಕೆಲಸ ನಮಗೆ ಒಗ್ಗುತ್ತದಾ ಇಲ್ಲವಾ ಅನ್ನುವುದು ಅಲ್ಲೇ ತಿಳಿಯುತ್ತದೆ. ಒಗ್ಗದಿದ್ದರೆ ಅಷ್ಟಕ್ಕೇ ನಿಲ್ಲಿಸಬಹುದು, ಮನೆ ತುಂಬ ತಗಡು ಉಳಿಯುವುದಿಲ್ಲ.

ನಾನು ಆರಿಸಿಕೊಂಡಿದ್ದು ವ್ಯಾನ್ಸ್ ಕಂಪನಿಯ ಆರ್‌ವಿ-7. ಅಕ್ಕಪಕ್ಕ ಎರಡು ಸೀಟು, ಕೆಳಗಡೆ ರೆಕ್ಕೆ, ಮೈಯೆಲ್ಲ ಅಲ್ಯೂಮಿನಿಯಂ. ರಿಚರ್ಡ್ ವ್ಯಾನ್‌ಗ್ರುನ್ಸ್‌ವೆನ್ 1973ರಲ್ಲಿ ಶುರು ಮಾಡಿದ ಕಂಪನಿ ಇದು. ಅವರ ಆರ್‌ವಿ ಸಾಲಿನ ವಿಮಾನಗಳನ್ನು ಹತ್ತು ಸಾವಿರಕ್ಕೂ ಜಾಸ್ತಿ ಜನ ಕಟ್ಟಿ ಹಾರಿಸಿದ್ದಾರೆ. ನಾನು ಮುಖ್ಯವಾಗಿ ನೋಡಿದ್ದು ಅದನ್ನೇ. ನನಗೆ ಅರ್ಥವಾಗದ ಜಾಗ ಬಂದರೆ ಅಲ್ಲಿ ಮೊದಲೇ ತಲೆ ಕೆರೆದುಕೊಂಡವರು ಎಷ್ಟೋ ಜನ ಇರುತ್ತಾರೆ, ಕೇಳಿದರೆ ಹೇಳಿಕೊಡುತ್ತಾರೆ. ಫೈಬರ್‌ನವು, ಮರದವು, ಪೈಪಿನ ಚೌಕಟ್ಟಿಗೆ ಬಟ್ಟೆ ಹೊದಿಸಿದವು ಕೂಡ ಇವೆ. ನನಗೆ ಅಂಟಿನ ವಾಸನೆ ಆಗುವುದಿಲ್ಲ, ಹಾಗಾಗಿ ತಗಡು. ಯಾವುದೇ ಆಗಲಿ, ದುಡ್ಡು ಕಟ್ಟುವ ಮೊದಲು ಅದೇ ಮಾದರಿಯ ವಿಮಾನದಲ್ಲಿ ಒಮ್ಮೆ ಕೂತು ನೋಡಿ. ಎತ್ತರದವರು ಇದನ್ನು ಬಿಡಲೇಬೇಡಿ.

ಪೆಟ್ಟಿಗೆ ಬಂದಾಗ ಮೊದಲ ಕೆಲಸ ಎಣಿಕೆ. ಪಟ್ಟಿ ಹಿಡಿದು ಒಂದೊಂದೇ ತುಂಡನ್ನು ತಾಳೆ ನೋಡಿದೆ. ರಿವೆಟ್ (ತಗಡುಗಳನ್ನು ಕಾಯಂ ಆಗಿ ಸೇರಿಸುವ ಲೋಹದ ಮೊಳೆ), ಬೋಲ್ಟ್, ನಟ್‌ಗಳ ಪೊಟ್ಟಣಗಳನ್ನು ಚಿಕ್ಕ ಡ್ರಾಯರ್‌ಗಳಿಗೆ ಸುರಿದು ಹೆಸರು ಬರೆದೆ. ಬೇಜಾರಿನ ಕೆಲಸ ನಿಜ, ಆದರೆ ರಿವೆಟ್‌ನ ಹೆಸರು ಓದೋದು ಕಲಿತಿದ್ದು ಇಲ್ಲೇ. ಎಎನ್470ಎಡಿ4-4 ಅಂತ ಇರುತ್ತದೆ. 470 ಅಂದರೆ ಗುಂಡು ತಲೆಯದು, 426 ಅಂದರೆ ತಗಡಿನ ಮಟ್ಟಕ್ಕೆ ಕೂರುವ ಚಪ್ಪಟೆ ತಲೆಯದು. ಎಡಿ ಅನ್ನುವುದು ಲೋಹದ ಗುರುತು, ತಲೆಯ ನಡುವೆ ಒಂದು ಚಿಕ್ಕ ಕುಳಿ ಇದ್ದರೆ ಅದು ಎಡಿ. ಮೊದಲ 4 ಅಂದರೆ ಇಂಚಿನ 32ರಲ್ಲಿ 4 ಭಾಗ ದಪ್ಪ, ಅಂದರೆ 1/8 ಇಂಚು. ಎರಡನೇ 4 ಇಂಚಿನ 16ರಲ್ಲಿ 4 ಭಾಗ ಉದ್ದ. ಇಷ್ಟು ತಲೆಗೆ ಹತ್ತಿದರೆ ನಕ್ಷೆ ಅರ್ಧ ಅರ್ಥವಾದ ಹಾಗೆ.

ಸಾಮಾನುಗಳಲ್ಲಿ ಕೈಬಿಚ್ಚಿ ಖರ್ಚು ಮಾಡಬೇಕಾದದ್ದು ಎರಡು: ಗಾಳಿಯ ಒತ್ತಡದಿಂದ ರಿವೆಟ್ ಕುಟ್ಟುವ ಒಳ್ಳೆಯ ರಿವೆಟ್ ಗನ್, ಮತ್ತೆ ಬೇಕಾದಷ್ಟು ಕ್ಲೆಕೊ. ಕ್ಲೆಕೊ ಅಂದರೆ ತೂತಿನೊಳಗೆ ತೂರಿ ಎರಡು ತಗಡನ್ನು ತಾತ್ಕಾಲಿಕವಾಗಿ ಬಿಗಿಹಿಡಿಯುವ ಸ್ಪ್ರಿಂಗ್ ಪಿನ್ನು. ಬೆಳ್ಳಿ ಬಣ್ಣದ್ದು 3/32 ಇಂಚಿನ ತೂತಿಗೆ, ತಾಮ್ರದ ಬಣ್ಣದ್ದು 1/8ಕ್ಕೆ. ಸಾಕು ಅಂತ ಲೆಕ್ಕ ಹಾಕಿದ್ದಕ್ಕಿಂತ ಜಾಸ್ತಿಯೇ ಬೇಕಾಗುತ್ತದೆ. ಕಂಪ್ರೆಸರ್ ಸಾಧಾರಣದ್ದಾದರೂ ನಡೆಯುತ್ತದೆ. ಮೇಜು ಮಾತ್ರ ಸಪಾಟಾಗಿರಬೇಕು, ಸೊಟ್ಟ ಮೇಜಿನ ಮೇಲೆ ನೆಟ್ಟಗಿನ ಬಾಲ ಬರೋದಿಲ್ಲ ಅಲ್ವಾ.

ಇನ್ನು ಕೆಲಸ. ಹೊರಗಿನವರು ಇದೆಲ್ಲ ರಿವೆಟ್ ಹೊಡೆಯುವ ಕೆಲಸ ಅಂದುಕೊಳ್ಳುತ್ತಾರೆ. ಅಲ್ಲ, ಇದು ತೂತಿನ ಕೆಲಸ. ಈ ಕಿಟ್‌ನಲ್ಲಿ ತೂತುಗಳನ್ನು ಕಂಪನಿಯವರೇ ಸ್ವಲ್ಪ ಚಿಕ್ಕದಾಗಿ ಕೊರೆದು ಕೊಟ್ಟಿರುತ್ತಾರೆ. ನಾವು ರಿಬ್ (ಆಕಾರ ಕೊಡುವ ಒಳಪಟ್ಟಿ), ಸ್ಪಾರ್ (ಭಾರ ಹೊರುವ ಉದ್ದ ತೊಲೆ), ಮೇಲಿನ ಹಾಳೆ ಎಲ್ಲವನ್ನೂ ಕ್ಲೆಕೊ ಹಾಕಿ ಜೋಡಿಸಿ, 40ನೇ ನಂಬರ್ ಅಥವಾ 30ನೇ ನಂಬರ್ ಡ್ರಿಲ್ ಬಿಟ್‌ನಲ್ಲಿ ಸರಿಯಾದ ಅಳತೆಗೆ ತರಬೇಕು. ಆಮೇಲೆ ಪೂರ್ತಿ ಬಿಚ್ಚಬೇಕು. ಪ್ರತಿ ತೂತಿನ ಎರಡೂ ಬದಿ, ಪ್ರತಿ ತುಂಡಿನ ಸುತ್ತಲಿನ ಅಂಚು ನಯ ಮಾಡಬೇಕು. ಆಮೇಲೆ ಚಪ್ಪಟೆ ತಲೆ ಕೂರುವ ಕಡೆಯೆಲ್ಲ ಡಿಂಪಲ್ (ತಲೆ ಕೂರುವಷ್ಟು ಕುಳಿ) ಒತ್ತಬೇಕು, ಬೇಕಾದಲ್ಲಿ ತುಕ್ಕು ತಡೆಯುವ ಪ್ರೈಮರ್ ಹೊಡೆಯಬೇಕು, ಮತ್ತೆ ಜೋಡಿಸಬೇಕು. ರಿವೆಟ್ ಬರುವುದು ಇದೆಲ್ಲ ಆದಮೇಲೆ.

ತೂತಿನ ಅಂಚು ನಯ ಮಾಡುವಾಗ ಕೈ ಹಗುರ ಇರಬೇಕು. ಹಾಳೆ 0.032 ಇಂಚು, ಅಂದರೆ ಮುಕ್ಕಾಲು ಮಿಲಿಮೀಟರ್‌ಗಿಂತ ಚೂರು ಜಾಸ್ತಿ. ಕಟ್ಟರ್ ಇಟ್ಟು ಎರಡು ಸುತ್ತು ತಿರುಗಿಸಿ ಬಿಟ್ಟರೆ ಮುಗಿಯಿತು. ಜೋರಾಗಿ ಒತ್ತಿದರೆ ಚೂರಿನ ಜೊತೆ ಒಳ್ಳೆಯ ಲೋಹವೂ ಹೋಗಿ ತೂತಿನ ಬಾಯಿ ಬ್ಲೇಡಿನಷ್ಟು ತೆಳುವಾಗುತ್ತದೆ. ನಾನು ಉಗುರು ಎಳೆದು ನೋಡುತ್ತೇನೆ. ಎಲ್ಲೂ ತಡೆಯದೆ ಜಾರಿದರೆ ಮುಂದಿನದಕ್ಕೆ. ಇಷ್ಟೊಂದು ನಾಜೂಕು ಯಾಕೆ ಅಂದರೆ, ಅಲ್ಯೂಮಿನಿಯಂನಲ್ಲಿ ಬಿರುಕು ಹುಟ್ಟುವುದೇ ಇಂಥ ಗೀರು, ಹಲ್ಲುಹಲ್ಲು ಅಂಚುಗಳಿಂದ. ಹಾರುವಾಗಿನ ನಡುಕ ಅದನ್ನು ದಿನದಿನ ಬೆಳೆಸುತ್ತಾ ಹೋಗುತ್ತದೆ.

ಹಾಳೆಯ ಮೇಲೆ ನೀಲಿ ಪ್ಲಾಸ್ಟಿಕ್ ಪೊರೆ ಅಂಟಿರುತ್ತದೆ. ಅದನ್ನು ಒಂದೇ ಸಲ ಕಿತ್ತು ಹಾಕಬೇಡಿ, ಗೀರು ಬೀಳದ ಹಾಗೆ ಕಾಯುವುದು ಅದೇ. ಸೋಲ್ಡರಿಂಗ್ ಐರನ್‌ನ ತುದಿಯನ್ನು ಉಜ್ಜಿ ಗುಂಡಗೆ ಮಾಡಿ, ತೂತಿನ ಸಾಲಿನ ಎರಡೂ ಪಕ್ಕ ಸ್ಕೇಲ್ ಇಟ್ಟು ಎಳೆದರೆ ಪಟ್ಟಿ ಮಾತ್ರ ನೀಟಾಗಿ ಎದ್ದು ಬರುತ್ತದೆ.

ಪ್ರೈಮರ್ ಸುದ್ದಿ ಎತ್ತಿದರೆ ಕಟ್ಟುವವರ ನಡುವೆ ಜಗಳವೇ ಆಗುತ್ತದೆ. 2024-ಟಿ3 ಅನ್ನುವ ಅಲ್ಯೂಮಿನಿಯಂ ಮಿಶ್ರಲೋಹದ ಹಾಳೆಗೆ ಎರಡೂ ಬದಿಯಲ್ಲಿ ಶುದ್ಧ ಅಲ್ಯೂಮಿನಿಯಂನ ತೆಳು ಲೇಪ ಇರುತ್ತದೆ, ಸಾಕು ಅನ್ನುವವರು ಒಂದು ಕಡೆ. ಒಳಗೆಲ್ಲ ಬಳಿಯಲೇಬೇಕು ಅನ್ನುವವರು ಇನ್ನೊಂದು ಕಡೆ. ನಾನು ತಗಡಿಗೆ ತಗಡು ತಾಗುವ ಜಾಗಕ್ಕೆ ಮಾತ್ರ ಹೊಡೆದೆ. ವಾದಕ್ಕೆ ಇಳಿಯಲಿಲ್ಲ.

ರಿವೆಟ್ ಹೊಡೆಯಲು ಇಬ್ಬರು ಬೇಕು. ಅಂಚಿನವನ್ನು ಕೈಯ ಸ್ಕ್ವೀಜರ್‌ನಲ್ಲಿ ಒಬ್ಬರೇ ಒತ್ತಬಹುದು, ನಡುವಿನದಕ್ಕೆ ಆಗುವುದಿಲ್ಲ. ನಾನು ಗನ್ ಹಿಡಿದರೆ ತಮ್ಮ ಹಿಂದಿನಿಂದ ಬಕಿಂಗ್ ಬಾರ್ (ಏಟಿಗೆ ಎದುರು ಕೊಡುವ ಭಾರದ ಲೋಹದ ತುಂಡು) ಒತ್ತಿ ಹಿಡಿಯುತ್ತಾನೆ. ಮಾತು ಅವನದೇ. "ಅಣ್ಣಾ, ಹಿಡಿದಿದೀನಿ, ಹೊಡಿ" ಅನ್ನುವವರೆಗೆ ನಾನು ಟ್ರಿಗರ್ ಮುಟ್ಟುವುದಿಲ್ಲ. ಯಾಕೆ ಅಂದರೆ ಆ ಕಡೆ ಬಾರ್ ಇಲ್ಲದೆ ಹೊಡೆದರೆ ತಗಡು ನೆಗ್ಗುತ್ತದೆ. ಹಿಂದೆ ಮೂಡುವ ತಲೆಯನ್ನು ಅವನು ಗೇಜ್ ಇಟ್ಟು ನೋಡುತ್ತಾನೆ. ಅಗಲ ರಿವೆಟ್ ದಪ್ಪದ ಒಂದೂವರೆ ಪಟ್ಟು, ಎತ್ತರ ಅರ್ಧ ಪಟ್ಟು ಇರಬೇಕು. 1/8ರ ರಿವೆಟ್ ಆದರೆ 3/16 ಅಗಲ, 1/16 ಎತ್ತರ. "ಇನ್ನೊಂಚೂರು" ಅಂದರೆ ಇನ್ನೊಂದು ಸಣ್ಣ ಏಟು. ಗಾಳಿ ತೀರಾ ಕಮ್ಮಿ ಇಟ್ಟು ಬಹಳ ಹೊತ್ತು ಕುಟ್ಟಬಾರದು, ರಿವೆಟ್ ಕುಟ್ಟಿದಷ್ಟೂ ಗಟ್ಟಿಯಾಗಿ ಬಗ್ಗುವುದೇ ನಿಲ್ಲುತ್ತದೆ. ಕಿವಿಗೆ ಇಬ್ಬರೂ ಏನಾದರೂ ಹಾಕಿಕೊಳ್ಳಿ. ಖಾಲಿ ಡಬ್ಬಿಯೊಳಗೆ ಕೂತಷ್ಟು ಸದ್ದು.

ಪ್ರತಿ ದಿನದ ಕೆಲಸ ಬರೆದಿಡುತ್ತೇನೆ, ಫೋಟೋ ತೆಗೆಯುತ್ತೇನೆ, ಕೆಲವದರಲ್ಲಿ ನನ್ನ ಮುಖವೂ ಇರುವ ಹಾಗೆ. ಇದು ಷೋಕಿಗಲ್ಲ. ಅಮೆರಿಕದ ವಿಮಾನಯಾನ ಇಲಾಖೆಯಾದ ಎಫ್‌ಎಎ ನಿಯಮದಲ್ಲಿ ವಿಮಾನದ ಹೆಚ್ಚಿನ ಪಾಲನ್ನು ಕಲಿಕೆಗೋ ಹವ್ಯಾಸಕ್ಕೋ ಹವ್ಯಾಸಿಗಳೇ ಕಟ್ಟಿರಬೇಕು, ಎಲ್ಲರ ಬಾಯಲ್ಲೂ ಅದು 51 ಪರ್ಸೆಂಟ್ ನಿಯಮ. ಅದಕ್ಕೆ ಸಾಕ್ಷಿ ದಿನದಿನದ ಕೆಲಸ ಬರೆದಿಟ್ಟ ಈ ಪುಸ್ತಕವೇ. ನಿಯಮ ದೇಶದಿಂದ ದೇಶಕ್ಕೆ ಬೇರೆ, ಹಾಗಾಗಿ ಕಿಟ್ ತರಿಸುವ ಮೊದಲೇ ನಿಮ್ಮ ದೇಶದ ವಿಮಾನಯಾನ ಇಲಾಖೆಗೆ ಬರೆದು ಕೇಳಿ.

ಎಂಜಿನ್ ವಿಷಯ ಎಷ್ಟೇ ಆಸೆ ಹುಟ್ಟಿಸಿದರೂ ಈಗ ಬೇಡ. ಓಡದೆ ಮೂಲೆಯಲ್ಲಿ ಕೂತ ಎಂಜಿನ್ ಒಳಗೇ ತುಕ್ಕು ಹಿಡಿಯುತ್ತದೆ, ವಾರಂಟಿಯೂ ಸುಮ್ನೆ ಕರಗಿಹೋಗಬಹುದು. ಮೀಟರು, ಪರದೆಗಳಂತೂ ಒಡಲು ಮುಗಿಯುವ ಹೊತ್ತಿಗೆ ಹಳೆಯವಾಗಿರುತ್ತವೆ. ಮೊದಲೇ ಯೋಚಿಸಬೇಕಾದದ್ದು ರೆಕ್ಕೆಯ ಕಿಟ್ ಬಗ್ಗೆ, ಅದಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಬಾಲದಲ್ಲಿ ಮೂತಿಯನ್ನು ಮೇಲೆ ಕೆಳಗೆ ಮಾಡುವ ಭಾಗವಾದ ಎಲಿವೇಟರ್ ಕೆಲಸಕ್ಕೆ ಕೈ ಹಾಕಿದ ವಾರವೇ ನಾನು ಆರ್ಡರ್ ಹಾಕಿದೆ. ಪೆಟ್ಟಿಗೆ ಬಾಗಿಲಲ್ಲಿ ಹಿಡಿಸುತ್ತದಾ ಅಂತ ಮಾತ್ರ ಮೊದಲು ಟೇಪ್ ಹಿಡಿದು ಅಳೆದುಕೊಂಡೆ.