ಆನುವಂಶಿಕ ನರಕ್ಷಯ ಕಾಯಿಲೆ: ಆಹಾರಕ್ರಮವನ್ನು ರೂಪಿಸಿಕೊಳ್ಳುವುದು ಹೇಗೆ?

ಊಟದಲ್ಲಿ ಏನನ್ನಾದರೂ ಬದಲಿಸುವ ಮೊದಲು ಕಾಯಿಲೆಯ ಖಚಿತವಾದ ಹೆಸರನ್ನೂ, ಪರೀಕ್ಷೆಯಾಗಿದ್ದರೆ ದೋಷವಿರುವ ಜೀನಿನ ಹೆಸರನ್ನೂ ನರರೋಗ ತಜ್ಞರಿಂದ ಕೇಳಿ ಬರೆದಿಟ್ಟುಕೊಳ್ಳಿ. ಮಿದುಳಿಗೆ ಒಳ್ಳೆಯದೆಂದು ಎಲ್ಲೆಡೆ ಹರಿದಾಡುವ ಆಹಾರಪಟ್ಟಿಗಳಿಂದ ಇಲ್ಲಿ ಹೆಚ್ಚಿನ ಪ್ರಯೋಜನವಿಲ್ಲ. ಕೆಲವು ಕಾಯಿಲೆಗಳಲ್ಲಿ ಪಥ್ಯವೇ ಚಿಕಿತ್ಸೆಯ ಭಾಗ. ಹೆಚ್ಚಿನವುಗಳಲ್ಲಿ ಆಹಾರವು ದೇಹದ ಶಕ್ತಿಯನ್ನು ಕಾಯುತ್ತದೆಯೇ ಹೊರತು ಜೀನಿನ ದೋಷವನ್ನು ಮುಟ್ಟುವುದಿಲ್ಲ.

ಮೊದಲ ಗುಂಪಿಗೆ ರೆಫ್ಸಮ್ ಕಾಯಿಲೆ ಸ್ಪಷ್ಟ ಉದಾಹರಣೆ. ಫೈಟಾನಿಕ್ ಆಮ್ಲವೆಂಬ ಕೊಬ್ಬಿನಾಮ್ಲವನ್ನು ಒಡೆಯುವ ಕಿಣ್ವ ಕೆಲಸ ಮಾಡದಿರುವುದರಿಂದ ಅದು ರಕ್ತದಲ್ಲಿಯೂ ಅಂಗಾಂಶಗಳಲ್ಲಿಯೂ ಶೇಖರವಾಗುತ್ತದೆ. ಈ ಆಮ್ಲವನ್ನು ದೇಹ ತಾನಾಗಿ ತಯಾರಿಸುವುದಿಲ್ಲ, ಆಹಾರದಿಂದಲೇ ಪಡೆಯುತ್ತದೆ; ಆದ್ದರಿಂದ ಮೆಲುಕು ಹಾಕುವ ಪ್ರಾಣಿಗಳ ಮಾಂಸ, ಹಾಲಿನ ಕೊಬ್ಬು ಮತ್ತು ಕೊಬ್ಬಿರುವ ಮೀನುಗಳನ್ನು ಕಟ್ಟುನಿಟ್ಟಾಗಿ ಕಡಿಮೆ ಮಾಡಿದರೆ ಅದರ ಮಟ್ಟ ನಿಧಾನವಾಗಿ ಇಳಿಯುತ್ತದೆ. ಆದರೆ ಇಲ್ಲಿ ಉಪವಾಸ ಅಪಾಯಕಾರಿ. ತೂಕ ವೇಗವಾಗಿ ಇಳಿದಾಗ ಮೈಯ ಕೊಬ್ಬಿನಲ್ಲಿದ್ದ ಆಮ್ಲ ಒಮ್ಮೆಲೇ ರಕ್ತಕ್ಕೆ ಬಂದು ರೋಗ ಉಲ್ಬಣಿಸಬಹುದು. ಜ್ವರ ಬಂದು ಊಟ ಸೇರದಿದ್ದರೂ ಇದೇ ಎಚ್ಚರಿಕೆ ಬೇಕು.

ವಿಲ್ಸನ್ ಕಾಯಿಲೆಯಲ್ಲಿ ತಾಮ್ರ ಯಕೃತ್ತಿನಲ್ಲಿಯೂ ಮಿದುಳಿನಲ್ಲಿಯೂ ಸೇರಿಕೊಳ್ಳುತ್ತದೆ. ಪ್ರಾಣಿಗಳ ಯಕೃತ್ತು, ಚಿಪ್ಪುಮೀನು, ಚಾಕೊಲೇಟ್, ಅಣಬೆ ಮತ್ತು ಒಣಬೀಜಗಳನ್ನು, ವಿಶೇಷವಾಗಿ ಚಿಕಿತ್ಸೆಯ ಮೊದಲ ವರ್ಷದಲ್ಲಿ, ದೂರವಿಡಿ. ತಾಮ್ರದ ಪಾತ್ರೆಯ ನೀರನ್ನೂ ಬಿಡಿ. ಪಥ್ಯವಿದೆಯೆಂದು ಔಷಧಿ ನಿಲ್ಲಿಸುವಂತಿಲ್ಲ. ಸತುವಿನ ಮಾತ್ರೆಯನ್ನೂ ದೇಹದ ತಾಮ್ರವನ್ನು ಹೊರಹಾಕುವ ಪೆನಿಸಿಲಮೈನ್ ಔಷಧಿಯನ್ನೂ ಊಟದೊಂದಿಗೆ ತೆಗೆದುಕೊಂಡರೆ ಅವುಗಳ ಪರಿಣಾಮ ತಗ್ಗುವುದರಿಂದ, ಊಟದ ವೇಳೆಯನ್ನೇ ಮಾತ್ರೆಗೆ ಹೊಂದಿಸಿಕೊಳ್ಳಬೇಕಾಗುತ್ತದೆ. ವಿಟಮಿನ್ ಇ ಕೊರತೆಯಿಂದ ಬರುವ ಆನುವಂಶಿಕ ಅಟಾಕ್ಸಿಯಾದಲ್ಲಿ (ನಡಿಗೆ ಮತ್ತು ಚಲನೆಯ ಹತೋಟಿ ತಪ್ಪುವ ತೊಂದರೆ) ಆಹಾರದಿಂದ ಸಿಗುವ ವಿಟಮಿನ್ ಸಾಲುವುದೇ ಇಲ್ಲ. ವೈದ್ಯರು ಸೂಚಿಸಿದ ಹೆಚ್ಚಿನ ಪ್ರಮಾಣವನ್ನು ಜೀವನಪೂರ್ತಿ ಸೇವಿಸಬೇಕು.

ಚಲನೆ, ಯೋಚನೆ ಮತ್ತು ನಡವಳಿಕೆಯನ್ನು ಕ್ರಮೇಣ ಕೆಡಿಸುವ ಹಂಟಿಂಗ್ಟನ್ ಕಾಯಿಲೆಯ ಸ್ಥಿತಿ ಬೇರೆ; ಇದು ಎರಡನೆಯ ಗುಂಪಿನದು. ಅದರ ಜೀನ್ 1993ರಲ್ಲಿ ಪತ್ತೆಯಾಯಿತು, ಆದರೆ ರೋಗದ ಗತಿಯನ್ನು ನಿಧಾನಗೊಳಿಸುವುದಾಗಿ ಸಾಬೀತಾದ ಆಹಾರ ಯಾವುದೂ ಇಲ್ಲ. ಭರವಸೆ ಹುಟ್ಟಿಸಿದ್ದ ಕೋಎಂಜೈಮ್ ಕ್ಯೂ10 ಮತ್ತು ಕ್ರಿಯಾಟಿನ್ ಎಂಬ ಪೂರಕಗಳು ದೊಡ್ಡ ಪ್ರಯೋಗಗಳಲ್ಲಿ ಫಲ ನೀಡಲಿಲ್ಲ. ರೋಗದ ಆರಂಭದಲ್ಲಿ ತೂಕ ಹೆಚ್ಚಿದ್ದವರಲ್ಲಿ ಕ್ಷೀಣತೆ ನಿಧಾನವಾಗಿರುವುದು ಕಂಡುಬಂದಿದೆ. ಇದು ಹೋಲಿಕೆಯಿಂದ ತಿಳಿದುಬಂದ ಸಂಬಂಧವಷ್ಟೇ, ಮಿತಿಮೀರಿ ತಿನ್ನಲು ಅಪ್ಪಣೆಯಲ್ಲ. ತೂಕ ಕಳೆದುಕೊಳ್ಳದಂತೆ ನೋಡಿಕೊಳ್ಳುವುದೇ ನನ್ನ ದೃಷ್ಟಿಯಲ್ಲಿ ಇಲ್ಲಿನ ಮುಖ್ಯ ಕೆಲಸ.

ವಾರಕ್ಕೊಮ್ಮೆ, ಒಂದೇ ತಕ್ಕಡಿಯಲ್ಲಿ, ಒಂದೇ ಹೊತ್ತಿಗೆ ತೂಕ ನೋಡಿ ಬರೆದಿಡಿ. ಬಯಸದೆಯೇ ಇಳಿಯುತ್ತಿದ್ದರೆ ಬಟ್ಟೆ ಸಡಿಲವಾಗುವವರೆಗೆ ಕಾಯದೆ ಆಹಾರತಜ್ಞರಿಗೆ ತಿಳಿಸಿ. ಮೂರು ದೊಡ್ಡ ಊಟಗಳಿಗಿಂತ ಐದಾರು ಚಿಕ್ಕ ಊಟಗಳು ಸುಲಭ. ತುತ್ತುಗಳು ಕಡಿಮೆಯಾದಷ್ಟೂ ಪ್ರತಿ ತುತ್ತಿನಲ್ಲಿ ಎಣ್ಣೆ, ಮೊಟ್ಟೆ, ಕಾಳಿನ ಹಿಟ್ಟಿನಂತಹ ಶಕ್ತಿ ತುಂಬುವ ಪದಾರ್ಥ ಹೆಚ್ಚಿರಲಿ. ನುಂಗುವಿಕೆ ದುರ್ಬಲವಾದವರಿಗೆ ಗಟ್ಟಿ ಆಹಾರಕ್ಕಿಂತ ತೆಳುವಾದ ನೀರೇ ಹೆಚ್ಚು ಸಲ ಉಸಿರಿನ ನಾಳಕ್ಕೆ ಜಾರುತ್ತದೆಂಬುದು ಅನೇಕರಿಗೆ ಅಚ್ಚರಿಯ ಸಂಗತಿ. ನೆಟ್ಟಗೆ ಕುಳ್ಳಿರಿಸಿ, ಮಾತಿಲ್ಲದೆ, ಸಣ್ಣ ತುತ್ತುಗಳಲ್ಲಿ ಉಣಿಸಿ, ಊಟವಾದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ತಿನ್ನುವಾಗ ಕೆಮ್ಮು, ಒದ್ದೆಯಾದಂತಹ ದನಿ, ಮರುಕಳಿಸುವ ಜ್ವರ ಕಂಡರೆ ವಾಕ್ ಚಿಕಿತ್ಸಕರಿಂದ ನುಂಗುವಿಕೆಯ ಪರೀಕ್ಷೆ ಮಾಡಿಸಿ. ಹೊಟ್ಟೆಗೆ ಆಹಾರದ ಕೊಳವೆ ಹಾಕಿಸುವ ಪ್ರಶ್ನೆಯನ್ನು ರೋಗಿ ತನ್ನ ಇಚ್ಛೆಯನ್ನು ಸ್ಪಷ್ಟವಾಗಿ ಹೇಳಬಲ್ಲ ದಿನಗಳಲ್ಲೇ ಮಾತನಾಡುವುದು ಒಳ್ಳೆಯದು.

ಪೂರಕ ಮಾತ್ರೆಗಳ ಪಟ್ಟಿಯನ್ನು ಪ್ರತಿ ಭೇಟಿಯಲ್ಲೂ ವೈದ್ಯರಿಗೆ ತೋರಿಸಿ. ವಿಟಮಿನ್ ಬಿ6 ಅತಿಯಾದರೆ ಅದೇ ನರಗಳಿಗೆ ಹಾನಿ ಮಾಡುತ್ತದೆ. ಆನುವಂಶಿಕ ಅಟಾಕ್ಸಿಯಾದ ಇನ್ನೊಂದು ಬಗೆಯಾದ ಫ್ರೀಡ್ರಿಕ್ ಅಟಾಕ್ಸಿಯಾ ಇರುವವರಲ್ಲಿ ಕೆಲವರಿಗೆ ಮಧುಮೇಹವೂ ಬರುವುದರಿಂದ ಸಕ್ಕರೆ ಪರೀಕ್ಷೆಯನ್ನು ವರ್ಷಕ್ಕೊಮ್ಮೆಯಾದರೂ ಮಾಡಿಸಬೇಕು.

ಕುಟುಂಬದ ಉಳಿದವರ ಮಾತಿಗೆ ಬಂದರೆ, ಹಂಟಿಂಗ್ಟನ್ ಜೀನ್ ಇದ್ದೂ ಲಕ್ಷಣಗಳಿಲ್ಲದವರು ವಿಶೇಷ ಪಥ್ಯ ಹಿಡಿಯಬೇಕಾಗಿಲ್ಲ. ವಿಲ್ಸನ್ ಕಾಯಿಲೆಯಲ್ಲಿ ಹಾಗಲ್ಲ: ಲಕ್ಷಣಗಳು ಕಾಣುವ ಮೊದಲೇ ಚಿಕಿತ್ಸೆ ಆರಂಭಿಸಿದರೆ ಹಾನಿಯನ್ನು ತಡೆಯಬಹುದಾದ್ದರಿಂದ, ರೋಗಿಯ ಒಡಹುಟ್ಟಿದವರೆಲ್ಲರೂ ಆರೋಗ್ಯವಾಗಿದ್ದರೂ ಪರೀಕ್ಷೆ ಮಾಡಿಸಿಕೊಳ್ಳಬೇಕು.