ವಂಶವೃಕ್ಷವನ್ನು ಹೆಣ್ಣುಮಕ್ಕಳ ಕಡೆಯಿಂದ ಬರೆದೆ

ಜರ್ಮನಿಯ ಬವೇರಿಯಾದ ಲಾಂಡ್ಸ್‌ಹೂಟ್‌ನ ಡ್ಯೂಕ್ ಗೇಯೊರ್ಗ್ (1455–1503) ಮನೆತನದ ವಂಶವೃಕ್ಷವನ್ನು ಕನ್ನಡದಲ್ಲಿ ಬರೆಯಲು ಕೂತಾಗ ನಾನು ಮೊದಲು ಮಾಡಿದ್ದು, ಅಪ್ಪ-ಮಗನ ಗೆರೆಯನ್ನು ಬದಿಗಿಟ್ಟದ್ದು. ಅಜ್ಜ ಹೈನ್ರಿಶ್, ಅಪ್ಪ ಲೂಡ್ವಿಗ್, ಮಗ ಗೇಯೊರ್ಗ್. ಮೂವರಿಗೂ ‘ಸಿರಿವಂತ’ ಎಂಬ ಒಂದೇ ಬಿರುದು. ಗೆರೆ ನೇರವಾಗಿ ಇಳಿದು ಅಲ್ಲಿಗೇ ನಿಂತುಬಿಡುತ್ತದೆ. ಗೇಯೊರ್ಗ್ ಸತ್ತ ಮೇಲೆ ದಾಯಾದಿಗಳು ಯಾಕೆ ಕತ್ತಿ ಹಿರಿದರು ಅನ್ನುವುದು ಅದರಿಂದ ಹೊಳೆಯುವುದೇ ಇಲ್ಲ.

ಹಾಗಾಗಿ ಹಾಳೆಯ ನಡುವೆ ಹೆಂಡತಿ, ತಂಗಿ, ಮಗಳನ್ನು ಬರೆದುಕೊಂಡೆ. ಅವರಲ್ಲೂ ಹೆಸರಿನ ಗೋಜಲು: ತಂಗಿಯೂ ಮಾರ್ಗರೆಟ್, ಕಿರಿಮಗಳೂ ಮಾರ್ಗರೆಟ್, ಅತ್ತೆ ಎಲಿಸಾಬೆತ್, ಮಗಳೂ ಎಲಿಸಾಬೆತ್. ಒಂದನೆಯ, ಎರಡನೆಯ ಎಂದು ಅಂಕಿ ಹಾಕದೆ ‘ತಂಗಿ ಮಾರ್ಗರೆಟ್’, ‘ಮಗಳು ಮಾರ್ಗರೆಟ್’ ಎಂದು ನೆಂಟಸ್ತಿಕೆಯನ್ನೇ ಸೇರಿಸಿ ಬರೆದೆ. ಓದುವವರಿಗೂ ಸಲೀಸು.

ಹೆಂಡತಿ ಹೆಡ್ವಿಗ್, ಪೋಲೆಂಡಿನ ದೊರೆ 4ನೇ ಕಾಸಿಮಿರ್‌ನ ಮಗಳು. 1475ರ ನವೆಂಬರ್ 14ರಂದು ಮದುವೆ. ಪವಿತ್ರ ರೋಮನ್ ಸಾಮ್ರಾಜ್ಯದ ಚಕ್ರವರ್ತಿ 3ನೇ ಫ್ರೆಡರಿಕ್ ಖುದ್ದಾಗಿ ಬಂದಿದ್ದ. ಆಗಿನ ನಾಣ್ಯ ಗುಲ್ಡೆನ್‌ನಲ್ಲಿ 60,000ಕ್ಕೂ ಮಿಕ್ಕಿ ಖರ್ಚು. 323 ಎತ್ತು, 1,94,345 ಮೊಟ್ಟೆ ಎಂದು ಅಡುಗೆಮನೆಯ ಲೆಕ್ಕ ಹೇಳುತ್ತದೆ. ಮೊಟ್ಟೆಯನ್ನು ಆ ಕೊನೆಯ ಐದರವರೆಗೆ ಎಣಿಸಿದ ಗುಮಾಸ್ತನ ಬಗ್ಗೆ ನನಗೆ ಗೌರವವಿದೆ! ಆದರೆ ಈ ಊಟದ ಪಟ್ಟಿ ನೋಡಿದವರು ಅಲ್ಲೇ ನಿಂತುಬಿಡುತ್ತಾರೆ. ಊರಿನವರೂ ಈಗ ನಾಲ್ಕು ವರ್ಷಕ್ಕೊಮ್ಮೆ ಆ ದಿಬ್ಬಣವನ್ನೇ ಮತ್ತೆ ಹೊರಡಿಸುತ್ತಾರೆ. ಮದುವೆಯ ಆಮೇಲಿನ ಕಥೆ ಯಾರಿಗೂ ಬೇಡ.

ಹೆಡ್ವಿಗ್ 1502ರಲ್ಲಿ ಸಾಯುವವರೆಗೂ ಬುರ್ಗ್‌ಹೌಜನ್ ಕೋಟೆಯಲ್ಲಿದ್ದಳು. ಗುಡ್ಡದ ಮೇಲೆ ಒಂದು ಕಿಲೋಮೀಟರಿಗೂ ಉದ್ದಕ್ಕೆ ಚಾಚಿದ ಕೋಟೆ ಅದು. ಗಂಡ ಅವಳನ್ನು ಅಲ್ಲಿ ಕೂಡಿಹಾಕಿದ್ದ ಎಂಬ ಮಾತು ಹಳೆಯದು. ಆ ಮನೆತನದ ರಾಣಿವಾಸ ಇದ್ದದ್ದೇ ಅಲ್ಲಿ, ಹಾಗಾಗಿ ‘ಸೆರೆ’ ಎಂದು ಬರೆಯಲು ನನಗೆ ಮನಸ್ಸಾಗಲಿಲ್ಲ.

ಗಂಡುಮಕ್ಕಳು ಯಾರೂ ಅಪ್ಪನ ನಂತರ ಉಳಿಯಲಿಲ್ಲ. ಮಗಳು ಮಾರ್ಗರೆಟ್ ಸನ್ಯಾಸಿನಿಯಾದಳು. ಗಂಡು ಸಂತಾನವಿಲ್ಲದಿದ್ದರೆ ಆಸ್ತಿ ವಿಟೆಲ್ಸ್‌ಬಾಖ್ ಮನೆತನದ ಇನ್ನೊಂದು ಕವಲಿಗೆ, ಅಂದರೆ ಮ್ಯೂನಿಕ್‌ನ 4ನೇ ಆಲ್ಬ್ರೆಕ್ಟ್‌ಗೆ ಹೋಗಬೇಕು. ಮನೆತನದ ಒಪ್ಪಂದವೇ ಹಾಗಿತ್ತು. ಗೇಯೊರ್ಗ್ ಅದನ್ನು ಮೀರಿ 1496ರಲ್ಲಿ ಮಗಳು ಎಲಿಸಾಬೆತ್ ಹೆಸರಿಗೆ ಉಯಿಲು ಬರೆದ. 1499ರಲ್ಲಿ ಅವಳನ್ನು ತಂಗಿ ಮಾರ್ಗರೆಟ್‌ಳ ಮಗ ರೂಪ್ರೆಕ್ಟ್‌ಗೇ ಕೊಟ್ಟ. ಸೋದರತ್ತೆಯ ಮಗ! ನಮ್ಮಲ್ಲಿ ಯಾರೂ ಹುಬ್ಬೇರಿಸದ ಸಂಬಂಧ. ಚರ್ಚಿನ ಕಾನೂನಿನಲ್ಲಿ ಮಾತ್ರ ವಿಶೇಷ ಅಪ್ಪಣೆಯಿಲ್ಲದೆ ನಿಷಿದ್ಧ. ಹಾಳೆಯಲ್ಲಿ ಇದಕ್ಕೆ ಜೋಡಿಗೆರೆ ಎಳೆದೆ. ಆಸ್ತಿ ಎತ್ತ ಹರಿಯುತ್ತಿತ್ತು ಎಂಬುದು ಆಗಲೇ ಕಣ್ಣಿಗೆ ಕಟ್ಟಿದ್ದು.

ಆಲ್ಬ್ರೆಕ್ಟ್‌ನ ಹೆಂಡತಿಯ ತವರನ್ನೂ ಅಷ್ಟೇ ಜತನದಿಂದ ಬರೆದುಕೊಳ್ಳಬೇಕು. ಅವಳು ಕುನಿಗುಂಡೆ, ಚಕ್ರವರ್ತಿ ಫ್ರೆಡರಿಕ್‌ನ ಮಗಳು, ಮುಂದೆ ಪಟ್ಟಕ್ಕೆ ಬಂದ ಮ್ಯಾಕ್ಸಿಮಿಲಿಯನ್‌ನ ತಂಗಿ. ಹೀಗಾಗಿ ತೀರ್ಪು ಹೇಳಬೇಕಾದ ದೊರೆಗೆ ಕಕ್ಷಿದಾರನೇ ಭಾವಮೈದುನ.

ಗೇಯೊರ್ಗ್ ಸತ್ತ ಮೇಲೆ ಆಸ್ತಿಗಾಗಿ ಆಲ್ಬ್ರೆಕ್ಟ್‌ಗೂ ಈ ದಂಪತಿಗೂ ಯುದ್ಧ ನಡೆಯುತ್ತಿರುವಾಗಲೇ, 1504ರ ಆಗಸ್ಟ್‌ನಲ್ಲಿ ರೂಪ್ರೆಕ್ಟ್, ಸೆಪ್ಟೆಂಬರ್‌ನಲ್ಲಿ ಎಲಿಸಾಬೆತ್ ತೀರಿಕೊಂಡರು. 1505ರಲ್ಲಿ ಕಲೋನ್‌ನಲ್ಲಿ ಮ್ಯಾಕ್ಸಿಮಿಲಿಯನ್ ತೀರ್ಪು ಕೊಟ್ಟ: ಹೆಚ್ಚಿನ ಪಾಲು ಆಲ್ಬ್ರೆಕ್ಟ್‌ಗೆ, ನಾಯ್‌ಬುರ್ಗ್ ಸುತ್ತಣ ಸೀಮೆ ಅನಾಥ ಮಕ್ಕಳಾದ ಓಟ್‌ಹೈನ್ರಿಶ್ ಮತ್ತು ಫಿಲಿಪ್‌ಗೆ. ಹಿರಿಯವನಿಗೆ ಆಗ ಮೂರು ವರ್ಷ, ಕಿರಿಯವನಿಗೆ ಎರಡು ತುಂಬಿರಲಿಲ್ಲ. ಪಂಚಾಯ್ತಿ ಮಾಡಿದ ದೊರೆ ಕುಫ್‌ಸ್ಟೈನ್, ಕಿಟ್ಸ್‌ಬ್ಯೂಹೆಲ್, ರಾಟನ್‌ಬೆರ್ಗ್ ಎಂಬ ಮೂರು ಸೀಮೆಗಳನ್ನೂ ತನಗೇ ಇಟ್ಟುಕೊಂಡ. ವಂಶವೃಕ್ಷದಲ್ಲಿ ಇವಕ್ಕೆ ಜಾಗವಿಲ್ಲ. ಕುನಿಗುಂಡೆಯ ಹೆಸರಿನ ಪಕ್ಕದ ಅಂಚಿನಲ್ಲಿ ಬರೆದಿಟ್ಟಿದ್ದೇನೆ.